ಒಬ್ಬರೇ ಕಾಶಿಗೆ: ಜನಜಾತ್ರೆಯ ನಡುವೆ ಮೂರು ದಿನ ಇರುವುದು ಹೇಗೆ?

"ಒಬ್ಬರೇ ಕಾಶಿಗೆ ಹೋಗಬಹುದಾ? ಅಷ್ಟೊಂದು ಜನರ ಮಧ್ಯೆ ಕಷ್ಟ ಆಗಲ್ವಾ?" ಈ ಪ್ರಶ್ನೆ ಬರದ ವಾರವಿಲ್ಲ. ಟೂರಿನವರ ಜೊತೆ ಓಡಲು ಮನಸ್ಸಿಲ್ಲದವರು ಕೇಳುತ್ತಾರೆ. ಮನೆಯವರಿಗೆ ರಜೆ ಸಿಗದವರು ಕೇಳುತ್ತಾರೆ. ತೀರಿಕೊಂಡ ಅಪ್ಪ ಅಮ್ಮನ ಹೆಸರಲ್ಲಿ ಒಂದು ಪಿಂಡ ಇಟ್ಟು ಬರಬೇಕು ಎಂದುಕೊಂಡವರೂ ಕೇಳುತ್ತಾರೆ. ನಮ್ಮ ಮದುವೆ ಮನೆಗಳಲ್ಲಿ ಕೊಡೆ, ಕೋಲು ಹಿಡಿದು ಕಾಶಿಯಾತ್ರೆಗೆ ಹೊರಡುವ ಮದುಮಗನೂ ಒಬ್ಬನೇ ಅಲ್ವಾ? ಅವನನ್ನು ಹೆಣ್ಣಿನ ಕಡೆಯವರು ಛತ್ರದ ಬಾಗಿಲಲ್ಲೇ ತಡೆದು ಕರೆತರುತ್ತಾರೆ. ನಿಮ್ಮನ್ನು ತಡೆಯಲು ಯಾರೂ ಇಲ್ಲದಿದ್ದರೆ ಮುಂದೆ ಓದಿ.

ಹೋಗಬಹುದು. ಮೂರು ರಾತ್ರಿ ಇಟ್ಟುಕೊಳ್ಳಿ. ಬೆಳಿಗ್ಗೆ ಬಂದು ಸಂಜೆ ಹೊರಡುವವರಿಗೆ ಕಾಶಿ ಎಂದರೆ ಒಂದು ಉದ್ದದ ಕ್ಯೂ, ಅಷ್ಟೇ. ಒಬ್ಬರೇ ಹೋದವರಿಗೆ ಅಲ್ಲಿ ನಿಜಕ್ಕೂ ಕಾಡುವುದು ಜನಸಂದಣಿಯಲ್ಲ, ಕೈ ಸಾಲದಿರುವುದು. ಚಪ್ಪಲಿ ಕಾಯಲು, ಫೋನ್ ಹಿಡಿಯಲು, ಸ್ನಾನ ಮಾಡುವಾಗ ಬ್ಯಾಗ್ ನೋಡಿಕೊಳ್ಳಲು ಜೊತೆಗೆ ಇನ್ನೊಬ್ಬರು ಇರುವುದಿಲ್ಲ. ಕೆಳಗಿನ ಹಂತಗಳಲ್ಲಿ ಅರ್ಧಕ್ಕರ್ಧ ಇದಕ್ಕೇ ಸಂಬಂಧಿಸಿದ್ದು.

ಹಂತ 1: ಪಂಚಾಂಗ ನೋಡಿ ದಿನ ಗೊತ್ತುಮಾಡಿ

ಕನ್ನಡದವರು ಎಡವುವುದು ಇಲ್ಲೇ ಜಾಸ್ತಿ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಹಾಗಾಗಿ ಅವರ ಶ್ರಾವಣ (ಅಲ್ಲಿ 'ಸಾವನ್' ಅನ್ನುತ್ತಾರೆ) ನಮಗಿಂತ ಹದಿನೈದು ದಿನ ಮೊದಲೇ ಶುರು. "ಇನ್ನೂ ಆಷಾಢ, ಭೀಮನ ಅಮಾವಾಸ್ಯೆ ಕೂಡ ಆಗಿಲ್ಲ, ಜನ ಇರಲ್ಲ" ಎಂದು ಲೆಕ್ಕ ಹಾಕಿ ಹೋದವರು ಸೀದಾ ಸಾವನ್ ಜಾತ್ರೆಯ ನಡುವೆ ಇಳಿಯುತ್ತಾರೆ. ಕೇಸರಿ ಬಟ್ಟೆಯ, ಹೆಗಲ ಮೇಲೆ ಗಂಗಾಜಲ ಹೊತ್ತ ಕಾವಡಿ ಯಾತ್ರಿಗಳು ಸಾವಿರ ಸಾವಿರ ಲೆಕ್ಕದಲ್ಲಿ ಬರುವ ಕಾಲ ಅದು. ಸೋಮವಾರವಂತೂ ದೇವಸ್ಥಾನದ ಹತ್ತಿರ ಹೋಗುವುದೇ ಕಷ್ಟ. ನೂಲು ಹುಣ್ಣಿಮೆಗೆ ಅವರ ಸಾವನ್ ಮುಗಿಯುತ್ತದೆ, ನಮ್ಮ ಶ್ರಾವಣ ಇನ್ನೂ ಅರ್ಧ ಬಾಕಿ ಇರುತ್ತದೆ.

ಆಗ ಹೋಗಬಹುದಾ ಎಂದರೆ, ಬೇಡ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರುತ್ತಾಳೆ. ಘಾಟ್‌ಗಳು ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ, ಆರತಿಯನ್ನು ಕಟ್ಟಡದ ತಾರಸಿ ಮೇಲೆ ಮಾಡಿದ ವರ್ಷಗಳೂ ಇವೆ. (ಘಾಟ್ ಎಂದರೆ ನದಿಗೆ ಇಳಿಯುವ ಮೆಟ್ಟಿಲ ಸಾಲು. ಕಾಶಿಯಲ್ಲಿ ಇಂಥವು 84 ಎಂದು ಲೆಕ್ಕ.)

ಬಿಡಬೇಕಾದ ಇನ್ನಷ್ಟು ದಿನಗಳು: ಮಹಾಶಿವರಾತ್ರಿ, ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ, ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ. ಪ್ರಯಾಗದ ಮಾಘ ಮೇಳದ ಮುಖ್ಯ ಸ್ನಾನದ ದಿನಗಳನ್ನೂ ನೋಡಿಕೊಳ್ಳಿ. ಅಲ್ಲಿ ಮುಳುಗು ಹಾಕಿದವರು ಮಾರನೇ ದಿನ ಕಾಶಿಗೇ ಬರುತ್ತಾರೆ. 2025ರ ಜನವರಿ 13ರಿಂದ ಫೆಬ್ರವರಿ 26ರವರೆಗೆ ಮಹಾಕುಂಭ ನಡೆದಾಗ ಕಾಶಿಯ ಗಲ್ಲಿಗಳಲ್ಲೂ ಕಾಲಿಡಲು ಜಾಗ ಇರಲಿಲ್ಲ.

ನನ್ನ ಆಯ್ಕೆ ಎರಡು. ಕಾರ್ತಿಕ ಹುಣ್ಣಿಮೆ ಕಳೆದ ನಂತರದ ಎರಡು ವಾರ, ಇಲ್ಲವೇ ಶಿವರಾತ್ರಿಯ ಗದ್ದಲ ಬಿಟ್ಟು ಫೆಬ್ರವರಿ–ಮಾರ್ಚ್. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು ದಟ್ಟವಾಗಿ ರೈಲು, ವಿಮಾನ ಗಂಟೆಗಟ್ಟಲೆ ತಡವಾಗುತ್ತವೆ. ಮೇ–ಜೂನ್ ಬಿಸಿಲಿಗೆ ಮಧ್ಯಾಹ್ನ ಹೊರಗೆ ತಲೆ ಹಾಕುವಂತಿಲ್ಲ.

ಹಂತ 2: ಟಿಕೆಟ್ ತೆಗೆಯುವಾಗ ನಿಲ್ದಾಣದ ಹೆಸರು ಎರಡು ಸಲ ಓದಿ

ಬೆಂಗಳೂರಿನಿಂದ ನೇರ ವಿಮಾನವಿದೆ, ಎರಡೂವರೆ ಗಂಟೆ ಹತ್ತಿರ. ವಿಮಾನ ನಿಲ್ದಾಣ ಬಾಬತ್‌ಪುರದಲ್ಲಿದೆ, ಊರಿಂದ ಸುಮಾರು 25 ಕಿಲೋಮೀಟರ್. ಮೈಸೂರಿನಿಂದ ಬೆಂಗಳೂರು ಮೇಲೆ ವಾರಾಣಸಿಗೆ ನೇರ ರೈಲೂ ಇದೆ, ಆದರೆ ಎಲ್ಲ ದಿನ ಓಡುವುದಿಲ್ಲ. ಬೆಂಗಳೂರಿನಿಂದ ದಿನವೂ ಹೊರಡುವ ಸಂಘಮಿತ್ರ ಎಕ್ಸ್‌ಪ್ರೆಸ್ ವಾರಾಣಸಿಗೆ ಹೋಗುವುದಿಲ್ಲ. ಹತ್ತಿರದ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ಇಳಿಯಬೇಕು. 2018ರವರೆಗೆ ಅದರ ಹೆಸರು ಮುಘಲ್‌ಸರಾಯ್. ಊರವರು ಇನ್ನೂ ಹಾಗೇ ಕರೆಯುತ್ತಾರೆ. ಅದು ಗಂಗೆಯ ಆಚೆ ದಡದಲ್ಲಿದೆ, ಸೇತುವೆ ದಾಟಿ ಆಟೋದಲ್ಲಿ ಬರಬೇಕು.

ಈಗ ಗೊಂದಲದ ವಿಷಯ. ಊರೊಳಗೇ ನಾಲ್ಕು ನಿಲ್ದಾಣಗಳಿವೆ. ವಾರಾಣಸಿ ಜಂಕ್ಷನ್ (ಆಟೋದವರ ಬಾಯಲ್ಲಿ 'ಕ್ಯಾಂಟ್'), ಬನಾರಸ್ (ಹಳೆಯ ಹೆಸರು ಮಂಡುವಾಡೀಹ್), ವಾರಾಣಸಿ ಸಿಟಿ, ಕಾಶಿ. "ಕಾಶಿಗೆ ತಾನೇ ಹೋಗಬೇಕಾದ್ದು" ಎಂದು ಕಾಶಿ ಸ್ಟೇಷನ್ನಿಗೆ ಹೋಗಿ ಕೂತು ಕ್ಯಾಂಟ್‌ನಿಂದ ಹೊರಡುವ ರೈಲು ತಪ್ಪಿಸಿಕೊಂಡವರಿದ್ದಾರೆ.

ಕರ್ನಾಟಕ ಸರ್ಕಾರ 2022ರಲ್ಲಿ ಶುರುಮಾಡಿದ ಕಾಶಿಯಾತ್ರೆ ಸಹಾಯಧನದಲ್ಲಿ ಯಾತ್ರಿಯೊಬ್ಬರಿಗೆ 5,000 ರೂಪಾಯಿ ಸಿಗುತ್ತದೆ. ಒಬ್ಬರೇ ಹೋದವರಿಗೂ ಸಿಗುತ್ತದೆಯಾ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಅದು ತಲೆಗೆ ಇಷ್ಟು ಎಂಬ ಲೆಕ್ಕ. ಈ ವರ್ಷದ ಅರ್ಜಿ, ದಾಖಲೆ ಏನೇನು ಎಂದು ಮುಜರಾಯಿ ಇಲಾಖೆಯಲ್ಲಿ ಹೊರಡುವ ಮೊದಲೇ ವಿಚಾರಿಸಿ. ಕಾಶಿಯಲ್ಲಿ ಕೊಟ್ಟ ದರ್ಶನದ, ಪೂಜೆಯ ರಶೀದಿಗಳನ್ನು ಎಸೆಯಬೇಡಿ.

ಹಂತ 3: ರೂಮು ಎಲ್ಲಿ ಹಿಡಿಯಬೇಕು?

ಗೋದೌಲಿಯಾ ಚೌಕ ಮತ್ತು ದಶಾಶ್ವಮೇಧ ಘಾಟ್ ಊರಿನ ನಟ್ಟನಡು. ದೇವಸ್ಥಾನ ಹತ್ತಿರ, ಸದ್ದೂ ಹತ್ತಿರ. ಸಂಜೆ ಅಲ್ಲಿ ವಾಹನ ಬಿಡುವುದಿಲ್ಲ, ಬ್ಯಾಗ್ ಹೊತ್ತು ನಡೆಯಬೇಕು. ಕ್ಯಾಂಟ್ ಸ್ಟೇಷನ್ ಹತ್ತಿರ ರೂಮು ಅಗ್ಗ, ಆದರೆ ದಿನಕ್ಕೆ ಎರಡು ಸಲ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ನಸುಕಿನಲ್ಲಿ ಎದ್ದು ನದಿಗೆ ಹೋಗುವ ಸುಖವೂ ತಪ್ಪುತ್ತದೆ.

ಒಬ್ಬರೇ ಹೋಗುವವರಿಗೆ ನಾನು ಹೇಳುವುದು ಹನುಮಾನ್ ಘಾಟ್‌ನಿಂದ ಅಸ್ಸಿ ಘಾಟ್‌ವರೆಗಿನ ದಕ್ಷಿಣದ ಭಾಗ. ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತ ದಕ್ಷಿಣದವರು ತಲೆಮಾರುಗಳಿಂದ ನೆಲೆಸಿದ್ದಾರೆ. ಪಕ್ಕದಲ್ಲೇ ಹಳೆಯ ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್ ಕೂಡ ಇದೆ. ಪಿತೃಕಾರ್ಯ ಮಾಡಿಸಬೇಕಿದ್ದರೆ ಈ ಬೀದಿಗಳಲ್ಲಿ ಕನ್ನಡ, ತೆಲುಗು, ತಮಿಳು ಬಲ್ಲ ಪುರೋಹಿತರು ಸಿಗುತ್ತಾರೆ. ದಕ್ಷಿಣೆ, ಸಾಮಾನು ಎಲ್ಲ ಸೇರಿ ಒಟ್ಟು ಎಷ್ಟು ಎಂದು ಕೂರುವ ಮೊದಲೇ ಕೇಳಿ. ಸಂಕಲ್ಪ ಹೇಳಿಸುತ್ತಾ ನಡುವೆ "ಇಷ್ಟು ದಾನ ಕೊಡುತ್ತೇನೆ ಅನ್ನಿ" ಎಂದು ಬಾಯಲ್ಲಿ ಹೇಳಿಸುವ ಅಭ್ಯಾಸ ಕೆಲವರಿಗಿದೆ. ಸಂಖ್ಯೆ ಬಂದ ಕೂಡಲೇ ನಿಲ್ಲಿಸಿ, "ಮೊದಲು ಮಾತಾದಷ್ಟೇ" ಎಂದು ಹೇಳಿ. ಪಾಪ ಬರುವುದಿಲ್ಲ.

ವೀರಶೈವರ ಪಂಚಪೀಠಗಳಲ್ಲಿ ಒಂದಾದ ಜಂಗಮವಾಡಿ ಮಠ ಗೋದೌಲಿಯಾ ಸಮೀಪದಲ್ಲಿದೆ. ಕರ್ನಾಟಕದ ಯಾತ್ರಿಗಳು ಇಳಿದುಕೊಳ್ಳುವ ಹಳೆಯ ತಾಣ. ಆದರೆ ಮಠ, ಧರ್ಮಶಾಲೆ ಯಾವುದೇ ಇರಲಿ, ಫೋನ್ ಮಾಡಿ "ಒಬ್ಬರೇ ಬರುತ್ತಿದ್ದೇನೆ, ರೂಮು ಕೊಡ್ತೀರಾ?" ಎಂದು ಕೇಳಿಯೇ ಹೊರಡಿ. ಒಂಟಿಯಾಗಿ ಬಂದವರಿಗೆ ರೂಮು ಕೊಡದ ಧರ್ಮಶಾಲೆಗಳು ಬಹಳ. ರಾತ್ರಿ ಹತ್ತಕ್ಕೆ ಬ್ಯಾಗ್ ಹೊತ್ತು ನಿಂತಾಗ ಇದು ಗೊತ್ತಾದರೆ ಚೆನ್ನಾಗಿರುವುದಿಲ್ಲ.

ಇನ್ನು ಎರಡು ಪ್ರಶ್ನೆ ಕೇಳಿ. ವಾಹನ ನಿಲ್ಲುವ ಜಾಗದಿಂದ ಎಷ್ಟು ನಡೆಯಬೇಕು? ರಾತ್ರಿ ಬಾಗಿಲು ಎಷ್ಟಕ್ಕೆ ಹಾಕುತ್ತೀರಿ, ಬೆಳಿಗ್ಗೆ ಮೂರಕ್ಕೆ ತೆಗೆಯುತ್ತೀರಾ?

ಹಂತ 4: ಕೈ ಖಾಲಿ ಇಟ್ಟುಕೊಳ್ಳಿ

ಗಾಲಿ ಬ್ಯಾಗ್ ಬೇಡ. ಗಲ್ಲಿಯ ಕಲ್ಲು ಹಾಸು, ಸಗಣಿ, ಮೆಟ್ಟಿಲುಗಳ ಮೇಲೆ ಅದು ಉರುಳುವುದಿಲ್ಲ. ಬೆನ್ನಿಗೆ ಹಾಕುವ ಒಂದು ಬ್ಯಾಗ್, ಕಳೆದುಹೋದರೂ ಬೇಜಾರಾಗದ ಒಂದು ಜೊತೆ ಚಪ್ಪಲಿ, ಸೊಂಟಕ್ಕೆ ಕಟ್ಟುವ ತೆಳು ಚೀಲ. ಅದರಲ್ಲಿ ಆಧಾರ್, ಸ್ವಲ್ಪ ನಗದು.

ಒಂದು ಚೀಟಿಯೂ ಇರಲಿ. ರೂಮಿನ ಹೆಸರು, ಗಲ್ಲಿ, ಹತ್ತಿರದ ಘಾಟ್, ಅವರ ನಂಬರ್, ನಿಮ್ಮ ಮನೆಯವರ ನಂಬರ್. ಹಿಂದಿ ಅಕ್ಷರದಲ್ಲೂ ಬರೆಸಿಕೊಳ್ಳಿ. ಫೋನ್ ರೂಮಿನಲ್ಲಿ ಬಿಟ್ಟು ಹೋಗುವ ದಿನ ಈ ಚೀಟಿಯೇ ನಿಮ್ಮ ಜೊತೆಗಾರ.

ದಾರಿ ತಪ್ಪಿದರೆ ಗಾಬರಿ ಬೇಡ. ಗಲ್ಲಿಗಳಲ್ಲಿ ಫೋನಿನ ನಕ್ಷೆಯೂ ತಪ್ಪುತ್ತದೆ. ಇಳಿಜಾರು ಇರುವ ಕಡೆ ನಡೆಯಿರಿ, ನದಿ ಸಿಗುತ್ತದೆ. ಪ್ರತಿ ಘಾಟಿನ ಗೋಡೆ ಮೇಲೂ ದೊಡ್ಡದಾಗಿ ಹೆಸರು ಬರೆದಿರುತ್ತಾರೆ. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ, ಘಾಟ್‌ಗಳೆಲ್ಲ ಪಶ್ಚಿಮ ದಡದಲ್ಲಿ. ನೀರಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆ ಅಸ್ಸಿ, ಎಡಗೈ ಕಡೆ ಮಣಿಕರ್ಣಿಕಾ. ಇಷ್ಟು ನೆನಪಿದ್ದರೆ ಸಾಕು.

ಹಂತ 5: ವಿಶ್ವನಾಥನ ದರ್ಶನ

ಈಗಿನ ದೇವಸ್ಥಾನವನ್ನು 18ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು ಅಹಲ್ಯಾಬಾಯಿ ಹೋಳ್ಕರ್. ಸುತ್ತಲಿನ ಮನೆಗಳನ್ನು ತೆರವು ಮಾಡಿ ನದಿವರೆಗೆ ಮಾಡಿದ ದೊಡ್ಡ ಪ್ರಾಂಗಣ, ಅಂದರೆ ಕಾರಿಡಾರ್, ಉದ್ಘಾಟನೆಯಾಗಿದ್ದು 2021ರ ಡಿಸೆಂಬರ್ 13ರಂದು. ಜಾಗ ದೊಡ್ಡದಾಯಿತು, ಬರುವವರೂ ಜಾಸ್ತಿಯಾದರು. ಒಳಗೆ ಹೋಗಲು ಹಲವು ಬಾಗಿಲುಗಳಿವೆ. ಮುಖ್ಯ ರಸ್ತೆಯ ಕಡೆಯದು ಗೇಟ್ ನಂಬರ್ 4. ನದಿ ಕಡೆಯದು ಲಲಿತಾ ಘಾಟ್ ಮೇಲಿನ ಗಂಗಾ ದ್ವಾರ.

ಮೊದಲನೆಯದು, ಸಮಯ. ಬೆಳಗಿನ ಜಾವ ಮೂರರ ಮಂಗಳಾರತಿ ಮುಗಿದ ಮೇಲೆ ನಾಲ್ಕರ ಸುಮಾರಿಗೆ ಎಲ್ಲರನ್ನೂ ಬಿಡುತ್ತಾರೆ. ಆ ಹೊತ್ತಿಗೆ ಸಾಲಿನಲ್ಲಿರಿ. ದೂರದೂರಿಂದ ರಾತ್ರಿ ಬಂದಿಳಿದವರು ಎದ್ದು, ಸ್ನಾನ ಮಾಡಿ, ಗುಂಪು ಕಟ್ಟಿಕೊಂಡು ಬರುವಷ್ಟರಲ್ಲಿ ಏಳಾಗುತ್ತದೆ. ನೀವು ಒಬ್ಬರೇ, ಯಾರನ್ನೂ ಎಬ್ಬಿಸಬೇಕಿಲ್ಲ. ಒಂಟಿ ಪ್ರಯಾಣದ ದೊಡ್ಡ ಲಾಭ ಇದೇ. ಅದು ಆಗದಿದ್ದರೆ ರಾತ್ರಿ, ಬಾಗಿಲು ಹಾಕುವ ಮುಂಚಿನ ಹೊತ್ತು ನೋಡಿ. ಸೋಮವಾರ ಮಾತ್ರ ಬಿಡಿ.

ಎರಡನೆಯದು, ಟಿಕೆಟ್. ಮಂಗಳಾರತಿಗೂ 'ಸುಗಮ ದರ್ಶನ'ಕ್ಕೂ (ದುಡ್ಡು ಕೊಟ್ಟು ಬೇರೆ ಸಾಲಿನಲ್ಲಿ ಹೋಗುವುದು) ದೇವಸ್ಥಾನದ ಟ್ರಸ್ಟಿನದೇ ವೆಬ್‌ಸೈಟ್ ಇದೆ, ಕೌಂಟರೂ ಇದೆ. ಹಬ್ಬದ ದಿನಗಳಲ್ಲಿ ಇದನ್ನು ನಿಲ್ಲಿಸುವುದುಂಟು. ಬೀದಿಯಲ್ಲಿ "ವಿಐಪಿ ದರ್ಶನ, ಹತ್ತು ನಿಮಿಷ" ಎಂದು ಕೈ ಹಿಡಿದು ಎಳೆಯುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಬ್ಬರೇ ನಡೆಯುವವರನ್ನು ಅವರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಉತ್ತರ ಕೊಡದೆ ನಡೆಯುತ್ತಾ ಇರಿ. ಕನ್ನಡದಲ್ಲಿ ಮಾತಾಡಿದರೂ ಸಾಕು, ಬಿಟ್ಟುಬಿಡುತ್ತಾರೆ. ಈಚೆಗೆ ಕೆಲವರು ಕನ್ನಡವನ್ನೂ ಕಲಿತಿದ್ದಾರೆ, ಅದು ಬೇರೆ ಮಾತು.

ಮೂರನೆಯದು, ಫೋನ್. ಒಳಗೆ ಫೋನ್, ಸ್ಮಾರ್ಟ್ ವಾಚ್, ಬ್ಯಾಗ್ ಬಿಡುವುದಿಲ್ಲ. ಹೊರಗೆ ಲಾಕರ್ ಇವೆ. ಪೂಜೆ ಸಾಮಾನಿನ ಅಂಗಡಿಯವರೂ "ಲಾಕರ್ ಫ್ರೀ" ಎಂದು ಕರೆದು ಬುಟ್ಟಿ ಪ್ರಸಾದ ಕೊಳ್ಳಿಸುತ್ತಾರೆ. ನಾನು ಮೊದಲ ಸಲ ಅಂಥ ಒಂದು ಅಂಗಡಿಯಲ್ಲಿ ಫೋನ್, ಚಪ್ಪಲಿ ಎರಡೂ ಇಟ್ಟು ಹೋದೆ. ಹೊರಬಂದಿದ್ದು ಬೇರೆ ಬಾಗಿಲಿನಿಂದ. ಎಲ್ಲ ಗಲ್ಲಿಗಳೂ ಒಂದೇ ಥರ, ಎಲ್ಲ ಅಂಗಡಿಗಳೂ ಒಂದೇ ಥರ. ಬರಿಗಾಲಲ್ಲಿ ಒಂದು ಗಂಟೆ ಸುತ್ತಿದ ಮೇಲೆ ಸಿಕ್ಕಿತು. ಆಮೇಲಿಂದ ಫೋನನ್ನು ರೂಮಿನಲ್ಲೇ ಬೀಗ ಹಾಕಿ ಹೋಗುತ್ತೇನೆ. ನೀವೂ ಹಾಗೇ ಮಾಡಿ. ಲಾಕರಿನಲ್ಲಿ ಇಡಲೇಬೇಕಾದರೆ, ಯಾವ ಗೇಟು, ಅಂಗಡಿ ನಂಬರ್ ಎಷ್ಟು ಎಂದು ನಿಮ್ಮ ಚೀಟಿಯ ಹಿಂದೆ ಬರೆಸಿಕೊಳ್ಳಿ.

ಗರ್ಭಗುಡಿ ಮುಂದೆ ನಿಲ್ಲಲು ಸಿಗುವುದು ಕೆಲವೇ ಕ್ಷಣ. ನೂಕಿದರೆ ಕೋಪ ಮಾಡಿಕೊಳ್ಳಬೇಡಿ. ದರ್ಶನ ಮುಗಿಸಿ ಪ್ರಾಂಗಣದಲ್ಲಿ ಒಂದು ಮೂಲೆ ಹಿಡಿದು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಪಕ್ಕದಲ್ಲೇ ಅನ್ನಪೂರ್ಣೆಯ ಗುಡಿ ಇದೆ. ಅದನ್ನು ಆಗಲೇ ನೋಡಿಬಿಡಿ.

ಕಾಲಭೈರವ ಕಾಶಿಯ ಕೋತ್ವಾಲ, ಅಂದರೆ ಊರು ಕಾಯುವವನು. ನಮ್ಮವರು ಕೈಗೆ ಕಟ್ಟಿಕೊಳ್ಳುವ ಕಾಶಿದಾರ ಅಲ್ಲಿಯದು. ಭಾನುವಾರ, ಮಂಗಳವಾರ ಅಲ್ಲಿ ಗದ್ದಲ ಜಾಸ್ತಿ. ಸಂಕಟ ಮೋಚನ ಹನುಮಂತನಿಗೆ ಮಂಗಳವಾರ, ಶನಿವಾರ. ಆಯಾ ಗುಡಿಗೆ ಈ ವಾರಗಳನ್ನು ಬಿಟ್ಟು ಹೋದರೆ ಅರ್ಧ ಕ್ಯೂ ತಪ್ಪುತ್ತದೆ.

ಹಂತ 6: ಸ್ನಾನ, ದೋಣಿ, ಆರತಿ

ಸ್ನಾನಕ್ಕೆ ಹೋಗುವಾಗ ಉಟ್ಟ ಬಟ್ಟೆ, ಒಂದು ಟವೆಲ್, ಬದಲಿ ಬಟ್ಟೆ, ರೂಮಿನ ಬೀಗದ ಕೈ. ಅಷ್ಟೇ. ಬೀಗದ ಕೈಯನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ, ಅದರಾಚೆ ಒಮ್ಮೆಗೇ ಆಳ. ಸರಪಳಿ ಇರುವ ಕಡೆ, ನಾಲ್ಕು ಜನ ಮೀಯುತ್ತಿರುವ ಕಡೆಯೇ ಇಳಿಯಿರಿ. ಈಜು ಬಂದರೂ ಒಳಗೆ ಹೋಗಬೇಡಿ.

ದೋಣಿ ವಿಷಯದಲ್ಲಿ ಒಬ್ಬರೇ ಬಂದವರಿಗೆ ಎರಡು ದಾರಿ. ಪೂರ್ತಿ ದೋಣಿ ಹಿಡಿದರೆ ದುಬಾರಿ. ಹಂಚಿಕೊಂಡು ಹೋಗುವ ದೋಣಿಯಲ್ಲಿ ಒಂದು ಸೀಟು ಯಾವಾಗಲೂ ಖಾಲಿ ಇರುತ್ತದೆ, ಅದು ನಿಮ್ಮದೇ. "ಏಕ್ ಆದ್ಮೀ ಕಾ ಕಿತ್ನಾ?" (ಒಬ್ಬರಿಗೆ ಎಷ್ಟು?) ಎಂದು ಕೇಳಿ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ವಾಪಸ್ ಇಲ್ಲೇ ಬಿಡುತ್ತೀರಾ ಎಂಬುದನ್ನೂ ಹತ್ತುವ ಮೊದಲೇ ಕೇಳಿ. ಹೇಳಿದ ರೇಟು ಸಂಜೆ ಆರತಿ ಹೊತ್ತಿಗೆ ಮೇಲೇರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಜೀವರಕ್ಷಕ ಜಾಕೆಟ್ ಕೇಳಿ ಹಾಕಿಕೊಳ್ಳಿ. ಯಂತ್ರದ ದೋಣಿಗಿಂತ ಹುಟ್ಟು ಹಾಕುವ ದೋಣಿ ನನಗಿಷ್ಟ. ನಸುಕಿನಲ್ಲಿ ನೀರಿನ ಸದ್ದು ಕೇಳಿಸುವುದು ಅದರಲ್ಲೇ.

ದಶಾಶ್ವಮೇಧ ಘಾಟಿನ ಗಂಗಾರತಿ ಸೂರ್ಯ ಮುಳುಗಿದ ಮೇಲೆ ಶುರು. ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ಏಳರ ಹತ್ತಿರ. ಮುಕ್ಕಾಲು ಗಂಟೆ ನಡೆಯುತ್ತದೆ. ಮುಂದಿನ ಸಾಲಿನಲ್ಲಿ ಕೂರಲು ಜನ ಎರಡು ಗಂಟೆ ಮೊದಲೇ ಬರುತ್ತಾರೆ. ನಿಜ ಹೇಳಬೇಕೆಂದರೆ ಅಷ್ಟು ಕಾಯುವ ಅಗತ್ಯ ಇಲ್ಲ. ಒಬ್ಬರಿಗೆ ಮೆಟ್ಟಿಲ ಮೇಲೆ ಎಲ್ಲಾದರೂ ಒಂದು ಮೊಳ ಜಾಗ ಸಿಗುತ್ತದೆ. ಅಪಾಯ ಇರುವುದು ಮುಗಿದ ಮೇಲೆ. ಎಲ್ಲರೂ ಒಟ್ಟಿಗೆ ಎದ್ದು ಗೋದೌಲಿಯಾ ರಸ್ತೆಗೇ ನುಗ್ಗುತ್ತಾರೆ. ಜೇಬುಗಳ್ಳರಿಗೂ ಅದೇ ಹೊತ್ತು. ಅರ್ಧ ಗಂಟೆ ಅಲ್ಲೇ ಕೂತಿರಿ, ಇಲ್ಲವೇ ನದಿ ದಂಡೆಯಲ್ಲೇ ದಕ್ಷಿಣಕ್ಕೆ ನಡೆದು ರೂಮು ಸೇರಿ. ಹನುಮಾನ್ ಘಾಟ್ ಕಡೆ ರೂಮು ಹಿಡಿಯಿರಿ ಎಂದಿದ್ದು ಇದಕ್ಕೂ ಸೇರಿಯೇ.

ಜನ ಬೇಡವೇ ಬೇಡ ಅನ್ನುವವರಿಗೆ ಅಸ್ಸಿ ಘಾಟ್. ಅಲ್ಲಿ ಸೂರ್ಯೋದಯಕ್ಕೆ ಮುಂಚೆ 'ಸುಬಹ್-ಎ-ಬನಾರಸ್' ನಡೆಯುತ್ತದೆ. ಆರತಿ, ವೇದಘೋಷ, ಶಾಸ್ತ್ರೀಯ ಸಂಗೀತ, ಯೋಗ, ಒಂದರ ಹಿಂದೆ ಒಂದು. ಮುಗಿಸಿಕೊಂಡು ದಂಡೆಯಲ್ಲೇ ದಶಾಶ್ವಮೇಧದವರೆಗೆ ನಡೆಯಿರಿ. ಸುಮಾರು ಮೂರು ಕಿಲೋಮೀಟರ್. ಅಲ್ಲಲ್ಲಿ ಕೂತು, ಚಹಾ ಕುಡಿದು ಹೋದರೆ ಎರಡು ಗಂಟೆ.

ಹಂತ 7: ಮಣಿಕರ್ಣಿಕಾ ಮತ್ತು ಹರಿಶ್ಚಂದ್ರ ಘಾಟ್

ಎರಡೂ ಸ್ಮಶಾನ. ಮಣಿಕರ್ಣಿಕಾದಲ್ಲಿ ಹಗಲು ರಾತ್ರಿ ಚಿತೆ ಉರಿಯುತ್ತಿರುತ್ತದೆ. ಫೋಟೋ, ವಿಡಿಯೋ ಬೇಡ. ಅದು ಯಾರದೋ ಮನೆಯ ದುಃಖ. ಸ್ವಲ್ಪ ದೂರ ನಿಂತು, ನೋಡಿ, ಹೊರಡಿ.

ಒಂಟಿಯಾಗಿ ನಿಂತವರ ಹತ್ತಿರ ಒಬ್ಬ ಬಂದು ಮೆಲ್ಲಗೆ ಮಾತು ತೆಗೆಯುತ್ತಾನೆ. "ನಾನು ದುಡ್ಡು ಕೇಳಲ್ಲ, ವಿವರ ಹೇಳ್ತೀನಿ" ಅನ್ನುತ್ತಾನೆ. ಮೇಲಿನ ಕಟ್ಟಡಕ್ಕೆ ಕರೆಯುತ್ತಾನೆ. ಅಲ್ಲಿ ಸಾಯಲು ಬಂದ ಬಡ ಮುದುಕಿಯರಿದ್ದಾರೆ, ಅವರ ಚಿತೆಗೆ ಕಟ್ಟಿಗೆ ಬೇಕು, ಕೆಜಿಗೆ ಇಷ್ಟು, ಎಷ್ಟು ಕೆಜಿ ಕೊಡ್ತೀರಿ? ಇದು ವರ್ಷಗಳಿಂದ ನಡೆಯುತ್ತಿರುವ ಮೋಸ. ಅವನ ಜೊತೆ ಮೆಟ್ಟಿಲು ಹತ್ತಬೇಡಿ. ಕತ್ತಲಾದ ಮೇಲೆ ಆ ಕಡೆಯ ಗಲ್ಲಿಗಳಲ್ಲಿ ಒಬ್ಬರೇ ಸುತ್ತಬೇಡಿ. "ರಾಮ್ ನಾಮ್ ಸತ್ಯ ಹೈ" ಎಂಬ ಕೂಗು ಕೇಳಿದರೆ ಗೋಡೆ ಕಡೆ ಸರಿದು ದಾರಿ ಬಿಡಿ.

ಹಂತ 8: ಹೊಟ್ಟೆ ಪಾಡು

ಬೆಳಿಗ್ಗೆ ಬಿಸಿ ಕಚೋರಿ, ಆಲೂ ಪಲ್ಯ, ಜಿಲೇಬಿ. ಚಳಿಗಾಲದಲ್ಲಿ ಹೋದರೆ ಮಲೈಯೋ ತಿನ್ನದೆ ಬರಬೇಡಿ. ರಾತ್ರಿ ಇಬ್ಬನಿಯಲ್ಲಿಟ್ಟ ಹಾಲಿನ ನೊರೆ ಅದು, ಕೇಸರಿ ಹಾಕಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಬಿಸಿಲೇರಿದರೆ ಕರಗಿಹೋಗುತ್ತದೆ. ಟೊಮೇಟೊ ಚಾಟ್ ಸಂಜೆಗೆ. ಅನ್ನ ಸಾರು ಬೇಕು ಅನ್ನಿಸಿದರೆ ಹನುಮಾನ್ ಘಾಟ್, ಕೇದಾರ ಘಾಟ್ ಕಡೆ ದಕ್ಷಿಣದ ಊಟ ಸಿಗುತ್ತದೆ.

ಎಚ್ಚರಿಕೆ ಒಂದೇ: ಅಮಲೇರಿಸುವ ಭಂಗಿ ಸೊಪ್ಪು. ಠಂಡಾಯಿ, ಲಸ್ಸಿಯಲ್ಲಿ ಬೆರೆಸಿ ಕೊಡುವುದುಂಟು. "ಭಾಂಗ್ ನಹೀ" ಎಂದು ಸ್ಪಷ್ಟವಾಗಿ ಹೇಳಿ. ತಲೆ ತಿರುಗಿದಾಗ ಹಿಡಿದುಕೊಳ್ಳುವವರು ನಿಮ್ಮ ಜೊತೆ ಇಲ್ಲ. ಬಾಟಲಿ ನೀರು ಕುಡಿಯಿರಿ. ಕೈಯಲ್ಲಿ ಬಾಳೆಹಣ್ಣು ಹಿಡಿದು ನಡೆಯಬೇಡಿ, ಮಂಗಗಳು ಹಣ್ಣಿನ ಜೊತೆ ಕನ್ನಡಕವನ್ನೂ ಒಯ್ಯುತ್ತವೆ.

ಹಂತ 9: ಮೂರನೇ ದಿನ ಊರಾಚೆ

ಸಾರನಾಥ ಹತ್ತು ಕಿಲೋಮೀಟರ್. ಬುದ್ಧ ಮೊದಲ ಉಪದೇಶ ಮಾಡಿದ ಜಾಗ. ನಮ್ಮ ನೋಟು ನಾಣ್ಯಗಳ ಮೇಲಿರುವ ಸಿಂಹಗಳ ಮೂಲ ಶಿಲ್ಪ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಶುಕ್ರವಾರ ರಜೆ, ಮರೆಯಬೇಡಿ. ಮರದ ನೆರಳು, ಹುಲ್ಲು ಹಾಸು, ಸದ್ದಿಲ್ಲ. ಎರಡು ದಿನದ ಗಲಾಟೆ ನಂತರ ಇದು ಬೇಕಾಗುತ್ತದೆ. ಆಟೋದವನು "ದಾರಿಯಲ್ಲಿ ಸೀರೆ ಮಗ್ಗ ತೋರಿಸ್ತೀನಿ" ಅಂದರೆ ಅದು ಕಮಿಷನ್ ಅಂಗಡಿ. ಬೇಡ ಅನ್ನಿ.

ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ಎರಡು ಮಾತು

ಘಾಟ್‌ಗಳು ನಸುಕಿನಿಂದ ರಾತ್ರಿ ಒಂಬತ್ತರವರೆಗೆ ಜನರಿಂದ ತುಂಬಿರುತ್ತವೆ, ನಡೆಯಬಹುದು. ತೊಂದರೆ ಬರುವುದು ಹೆಚ್ಚಾಗಿ ಕ್ಯೂಗಳ ಇಕ್ಕಟ್ಟಿನಲ್ಲಿ. ಯಾವುದಾದರೂ ಕುಟುಂಬದ ಹೆಂಗಸರ ಹಿಂದೆ ನಿಂತುಕೊಳ್ಳಿ. ಸ್ನಾನಕ್ಕೂ ಅಷ್ಟೇ, ಹೆಂಗಸರು ಜಾಸ್ತಿ ಇರುವ ಘಾಟ್, ಬಟ್ಟೆ ಬದಲಿಸುವ ಮರೆ ಇರುವ ಘಾಟ್ ನೋಡಿಕೊಳ್ಳಿ. "ಎಲ್ಲಿ ಇಳಿದಿದ್ದೀರಿ, ಒಬ್ಬರೇನಾ?" ಎಂದು ಕೇಳುವವರಿಗೆ "ಮನೆಯವರು ಮುಂದೆ ಹೋದರು" ಎಂದುಬಿಡಿ. ಉತ್ತರ ಪ್ರದೇಶದಲ್ಲಿ ಮಹಿಳಾ ಸಹಾಯವಾಣಿ 1090. ಎಲ್ಲ ತುರ್ತಿಗೂ 112.

ಹಂತ 10: ಹೊರಡುವ ದಿನ

ಗಂಗೆಯ ತಂಬಿಗೆಯನ್ನು ಬೆಸುಗೆ ಹಾಕಿಸಿದ್ದರೆ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಕಾಶಿಯಲ್ಲಿ ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕು ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರೆ, ಏನು ಬಿಡುವುದು ಎಂದು ಮೊದಲೇ ಯೋಚಿಸಿಟ್ಟುಕೊಳ್ಳಿ. ಪುರೋಹಿತರ ಮುಂದೆ ಕೂತು ಅವಸರದಲ್ಲಿ ಕಾಫಿ ಅಂದುಬಿಟ್ಟವರನ್ನು ನಾನು ಬಲ್ಲೆ.

ಸಂಜೆ ಅಥವಾ ರಾತ್ರಿ ರೈಲಿದ್ದರೆ, ನಾಲ್ಕು ಗಂಟೆಯೊಳಗೆ ಗೋದೌಲಿಯಾ ದಾಟಿಬಿಡಿ. ಆರತಿಗೆ ಬರುವ ಜನ ಶುರುವಾದರೆ ರಿಕ್ಷಾ ಕೂಡ ಅಲುಗಾಡುವುದಿಲ್ಲ. ದಕ್ಷಿಣದಲ್ಲಿ ಇಳಿದಿದ್ದರೆ ಗೋದೌಲಿಯಾ ಮುಟ್ಟದೆ ಹೋಗುವ ದಾರಿ ಯಾವುದು ಎಂದು ರೂಮಿನವರನ್ನೇ ಕೇಳಿ. ಮುಘಲ್‌ಸರಾಯ್‌ಗೆ ಹೋಗಬೇಕಿದ್ದರೆ ಎರಡು ಗಂಟೆ ಕೈಯಲ್ಲಿರಲಿ, ಸೇತುವೆ ಮೇಲೆ ಲಾರಿಗಳು ಸಾಲುಗಟ್ಟುತ್ತವೆ. ಆಟೋ ಹತ್ತುವ ಮುಂಚೆ ಟಿಕೆಟ್ ತೆಗೆದು ನಿಲ್ದಾಣದ ಹೆಸರನ್ನು ಇನ್ನೊಮ್ಮೆ ಓದಿ, ಆ ಹೆಸರನ್ನೇ ಡ್ರೈವರ್‌ಗೆ ತೋರಿಸಿ.